ಚಾಲಕರ ನಿದ್ದೆಗೆ ಸಹಿ ಹಾಕುವವರಿಗೆ

ಲಾರಿ ಓಡಿಸುವವರು ವೈದ್ಯಕೀಯ ಪ್ರಮಾಣಪತ್ರಕ್ಕಾಗಿ ಬಂದು ನಿಲ್ಲುವ ಮೇಜಿನ ಹಿಂದೆ ನಾನು ಬಹಳ ವರ್ಷ ಕೂತಿದ್ದೆ. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರೂ ಕಡೆಯ ಚಾಲಕರು ನನ್ನ ಮುಂದೆ ಬಂದು ನಿಂತವರೇ. ನಾನು ಕಿವಿ, ಮೂಗು, ಗಂಟಲಿನ ವೈದ್ಯೆ. ಈಗ ನಿವೃತ್ತಳು. ಆ ಮೇಜಿಗೆ ಹೊಸದಾಗಿ ಬಂದು ಕೂರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ, ಸನ್ಮಾನದ ವಿಷಯ ಇಲ್ಲಿಲ್ಲ. ಅವುಗಳಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಆಸ್ಪತ್ರೆ ಯಾವುದೆಂದು ಹೇಳುವುದಿಲ್ಲ, ನನ್ನ ಜೊತೆ ಇದ್ದವರು ಕೆಲವರು ಇನ್ನೂ ಅಲ್ಲೇ ಕೆಲಸದಲ್ಲಿದ್ದಾರೆ. ಜನರ ಹೆಸರುಗಳನ್ನು ಬದಲಿಸಿದ್ದೇನೆ. ಕಣ್ಣಾರೆ ಕಂಡದ್ದನ್ನು ಕಂಡೆ ಎಂದೂ, ಬೇರೆಯವರಿಂದ ಕೇಳಿದ್ದನ್ನು ಕೇಳಿದೆ ಎಂದೂ ಬರೆದಿದ್ದೇನೆ. ಸಿಟ್ಟನ್ನು ಮಾತ್ರ ತಿದ್ದಲು ಹೋಗಿಲ್ಲ.

ನಾನು ಸಹಿ ಹಾಕುತ್ತಿದ್ದ ನಮೂನೆ ಕಣ್ಣನ್ನು ಕೇಳುತ್ತಿತ್ತು. ಕೆಂಪು ಹಸಿರು ಗೊತ್ತಾಗುತ್ತದೆಯೇ, ಕಿವಿ ಕೇಳುತ್ತದೆಯೇ, ಕೈಕಾಲು ಸರಿಯಿದೆಯೇ, ಕುಡಿತದ ಚಟವಿದೆಯೇ ಎಂದು ಕೇಳುತ್ತಿತ್ತು. ಹತ್ತಾರು ಟನ್ ಹೊತ್ತು ಊರಿಂದ ಊರಿಗೆ ಹೋಗುವ ಮನುಷ್ಯ ರಾತ್ರಿ ಹೇಗೆ ಮಲಗುತ್ತಾನೆ ಎಂಬ ಒಂದು ಪ್ರಶ್ನೆ ಅದರಲ್ಲಿರಲಿಲ್ಲ. ನನ್ನ ಜಗಳವೆಲ್ಲ ಆ ಒಂದು ಪ್ರಶ್ನೆಯ ಸುತ್ತ ನಡೆದದ್ದು.

ಮೊದಲು ಕಣ್ಣಿನ ವಿಷಯ ಹೇಳಿಬಿಡುತ್ತೇನೆ. ಆ ಮೇಜಿನಲ್ಲಿ ಏನೇನು ನಡೆಯುತ್ತದೆ ಎಂಬುದು ಅದರಿಂದ ಅರ್ಥವಾಗುತ್ತದೆ. ಒಂದಷ್ಟು ದೂರದಿಂದ ವಾಹನದ ನಂಬರ್ ಪ್ಲೇಟ್ ಓದಿಸಬೇಕು. ಆಸ್ಪತ್ರೆಯ ಅಂಗಳದಲ್ಲಿ ನಮ್ಮ ಆಂಬ್ಯುಲೆನ್ಸ್ ನಿಲ್ಲುತ್ತಿತ್ತು. ನಾನು ಜಗುಲಿಯ ಮೇಲೆ ನಿಲ್ಲಿಸಿ, "ಅದರ ನಂಬರ್ ಓದಪ್ಪಾ" ಎನ್ನುತ್ತಿದ್ದೆ. ಎಲ್ಲರೂ ಸರಿಯಾಗಿ ಓದುತ್ತಿದ್ದರು. ಈ ಸೀಮೆಯವರ ಕಣ್ಣು ಎಷ್ಟು ಚುರುಕು ಎಂದು ನಾನು ಖುಷಿಪಟ್ಟಿದ್ದೂ ಉಂಟು. ಒಂದು ದಿನ ಆಂಬ್ಯುಲೆನ್ಸ್ ರಿಪೇರಿಗೆ ಹೋಗಿ, ಆ ಜಾಗದಲ್ಲಿ ಹಾಲಿನ ಟೆಂಪೊ ನಿಂತಿತ್ತು. ಸಾಲಿನಲ್ಲಿದ್ದ ಹಿರಿಯ ಚಾಲಕನೊಬ್ಬ ಅದನ್ನು ನೋಡುತ್ತಾ ನಮ್ಮ ಆಂಬ್ಯುಲೆನ್ಸಿನ ನಂಬರನ್ನು ಪೂರ್ತಿ, ತಡವರಿಸದೆ ಹೇಳಿದ. ಹಿಂದೆ ನಿಂತವರು, "ಅಯ್ಯೋ ಗಾಡಿ ಬದಲಾಗೈತೆ ಕಣಜ್ಜ!" ಎಂದು ಬಿದ್ದು ಬಿದ್ದು ನಕ್ಕರು. ಅವನ ಎರಡು ಕಣ್ಣಿನಲ್ಲೂ ಪೊರೆ ಬಂದಿತ್ತು. ಹೊರಗಿನ ಟೀ ಅಂಗಡಿಯಲ್ಲೇ ಆ ನಂಬರನ್ನು ಬಾಯಿಪಾಠ ಮಾಡಿಸಿ ಒಳಗೆ ಕಳಿಸುತ್ತಿದ್ದರು ಎಂದು ಆಮೇಲೆ ತಿಳಿಯಿತು. ಪರೀಕ್ಷೆ ಎಂದರೆ ಪಾಸಾಗಬೇಕಾದದ್ದು, ತನ್ನ ಬಗ್ಗೆ ತಿಳಿಯಬೇಕಾದದ್ದಲ್ಲ ಎಂದು ಅವರಿಗೆ ನಾವೇ ಕಲಿಸಿದ್ದೆವು. ಮುಂದೆ ನಡೆದದ್ದಕ್ಕೆಲ್ಲ ಇದೇ ಬೇರು.

ನಿದ್ದೆಯ ಕಡೆಗೆ ನನ್ನನ್ನು ತಿರುಗಿಸಿದ್ದು ಒಂದು ಅಪಘಾತ. ಅಜ್ಜಂಪುರದ ಕಡೆಗೆ ಹೋಗುವ ರಸ್ತೆಯಲ್ಲಿ, ತಿರುವೇ ಇಲ್ಲದ ಜಾಗದಲ್ಲಿ, ಈರುಳ್ಳಿ ತುಂಬಿದ ಲಾರಿ ಒಂದು ಬೆಳಿಗ್ಗೆ ರಸ್ತೆ ಬಿಟ್ಟು ಇಳಿದು ಟೀ ಅಂಗಡಿಗೆ ನುಗ್ಗಿತು. ಅಂಗಡಿ ನಡೆಸುತ್ತಿದ್ದ ಹೆಂಗಸು ಸ್ಥಳದಲ್ಲೇ ಸತ್ತರು. ಅವರ ದೇಹವನ್ನೂ ಚಾಲಕನನ್ನೂ ನಮ್ಮ ಆಸ್ಪತ್ರೆಗೆ ತಂದರು. ಆ ಹೆಂಗಸಿನ ಕೈಯಲ್ಲಿ ಸೋಸುವ ಬಟ್ಟೆ ಇನ್ನೂ ಇತ್ತು. ಅದನ್ನು ನಾನು ಕಂಡೆ. ಚಾಲಕನಿಗೆ ಮಣಿಕಟ್ಟು ಮುರಿದಿತ್ತು, ಅಷ್ಟೇ. ಅವನು ಅಳುತ್ತಿರಲಿಲ್ಲ. ಗೋಡೆಯನ್ನು ನೋಡುತ್ತಾ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ.

"ನಾನು ಮಲಗಿರ್ಲಿಲ್ಲ ಕಣಮ್ಮ. ಕಣ್ ಬಿಟ್ಕಂಡೇ ಇದ್ದೆ. ಅಂಗಡಿ ಅಲ್ಲಿತ್ತು. ಆಮೇಲೆ ಇಲ್ಲೇ ಇತ್ತು."

ಬಂದಿದ್ದ ಪೊಲೀಸಿನವರು ಕೇಳಿದರು. "ಕುಡ್ದಿದ್ನಾ ಮೇಡಂ?"

"ಇಲ್ಲ. ವಾಸನೆ ಇಲ್ಲ, ರಕ್ತ ತೆಗೆದು ಕಳಿಸಿದ್ದೇನೆ. ರಸ್ತೆ ಮೇಲೆ ಬ್ರೇಕ್ ಹಾಕಿದ ಗುರುತು ಇತ್ತೇ?"

"ಇಲ್ಲ."

"ಹಾಗಾದರೆ ನಿದ್ದೆ ಬಂದಿರಬೇಕು."

"ನಿದ್ದೆ ಹೋಗಿರ್ಲಿಲ್ಲ ಅಂತ ಅವ್ನೇ ಅಂತಾನಲ್ಲ ಮೇಡಂ! ಕಳ್ಳ ಕದ್ದಿಲ್ಲ ಅಂದ್ಮೇಲೆ ನಾವು ಇನ್ನೇನೋ ಬರೀಬೇಕು." ಅವರು ಅತಿವೇಗ ಮತ್ತು ಅಜಾಗರೂಕತೆ ಎಂದು ಬರೆದುಕೊಂಡು ಹೋದರು.

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು, ಆದರೆ ಕೇಳಿಸಿಕೊಳ್ಳುವವರು ಇರಲಿಲ್ಲ. ನಿಮಗೆ ಸರಳವಾಗಿ ಹೇಳುತ್ತೇನೆ. ಕೆಲವರು ಮಲಗಿದಾಗ ಗಂಟಲಿನ ಮೆತ್ತನೆಯ ಭಾಗ ಕುಸಿದು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಉಸಿರು ನಿಲ್ಲುತ್ತದೆ. ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ, ಒಂದು ಜೋರು ಗೊರಕೆಯೊಡನೆ ಉಸಿರು ಮರಳುತ್ತದೆ, ಮತ್ತೆ ನಿಲ್ಲುತ್ತದೆ. ರಾತ್ರಿಯೆಲ್ಲ ಹೀಗೇ. ಎಚ್ಚರವಾದದ್ದು ಅವನಿಗೆ ನೆನಪಿರುವುದಿಲ್ಲ. ಚೆನ್ನಾಗಿ ಮಲಗಿದ್ದೆ ಅಂದುಕೊಂಡೇ ಏಳುತ್ತಾನೆ. ಹಗಲಿನಲ್ಲಿ ಆ ಬಾಕಿ ನಿದ್ದೆ ಹೇಳದೆ ಕೇಳದೆ ಬಂದು ಕೂರುತ್ತದೆ, ಕಣ್ಣು ತೆರೆದಿರುವಾಗಲೇ. ಇದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನಮ್ಮ ಕಡೆ ಇದಕ್ಕೆ ಇದ್ದ ಹೆಸರು "ಒಳ್ಳೇ ನಿದ್ದೆ."

ಹಾಗೆಂದು ಜನ ನಂಬಿದ್ದನ್ನು ನಾನು ನಮ್ಮ ಬೆಂಚಿನ ಮೇಲೇ ನೋಡಿದೆ. ಆ ಅಪಘಾತವಾಗಿ ಸ್ವಲ್ಪ ಕಾಲದ ನಂತರ, ಪ್ರಮಾಣಪತ್ರಕ್ಕೆ ಬಂದವರ ಸಾಲಿನಲ್ಲಿ ಸಿಂಗಟಗೆರೆಯ ಕಲ್ಲೇಶಪ್ಪ ಎಂಬ ಚಾಲಕ ಕೂತಿದ್ದ. ತೆಂಗಿನಕಾಯಿ ಲೋಡನ್ನು ಉತ್ತರದ ಊರುಗಳಿಗೆ ಒಯ್ಯುತ್ತಿದ್ದವನು. ದಪ್ಪ ಕುತ್ತಿಗೆ, ಅಂಗಿಯ ಮೇಲಿನ ಗುಂಡಿ ಹಾಕಲು ಬಾರದಷ್ಟು. ಗೋಡೆಗೆ ತಲೆ ಆನಿಸಿದವನು ಕೂತಲ್ಲೇ ಗೊರಕೆ ಶುರುಮಾಡಿದ.

"ನೋಡ್ರೋ ನಮ್ ಕಲ್ಲೇಶಣ್ಣನ್ನ, ಚಾರ್ಮಾಡಿ ಘಾಟಿ ಹತ್ತಿಸ್ತಾವ್ನೆ!" ಎಂದ ಒಬ್ಬ.

ಗೊರಕೆ ಏರಿ ಏರಿ ತಟ್ಟನೆ ನಿಂತಿತು.

"ನ್ಯೂಟ್ರಲ್ ಬಿತ್ತು ಕಣೋ!"

ಸಾಲೆಲ್ಲ ನಕ್ಕಿತು. ನನ್ನ ಕಣ್ಣು ಅವನ ಎದೆಯ ಮೇಲಿತ್ತು. ಎದೆ ಏಳಲು ಒದ್ದಾಡುತ್ತಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ತುಟಿಯ ಬಣ್ಣ ಬದಲಾಗುವಷ್ಟು ಹೊತ್ತಾಯಿತು. ಆಮೇಲೆ ಇಡೀ ಮೈ ಅದುರಿ, ಭಯಂಕರ ಶಬ್ದದೊಡನೆ ಉಸಿರು ಬಂತು.

"ಸ್ಟಾರ್ಟಾಯ್ತು, ಸ್ಟಾರ್ಟಾಯ್ತು! ಪುಣ್ಯವಂತ ಕಣ್ರೀ ಮೇಡಂ, ತಲೆ ಕೊಟ್ಟಲ್ಲಿ ನಿದ್ದೆ."

ಅವನನ್ನು ಎಬ್ಬಿಸಿ ಒಳಗೆ ಕರೆದು ನಿದ್ದೆಯ ಬಗ್ಗೆ ಕೇಳಿದೆ. ಕಲ್ಲೇಶಪ್ಪನಿಗೆ ಅವಮಾನವಾಯಿತು. "ನಿದ್ದೆ ವಿಷ್ಯ ನಿಮಗ್ಯಾಕೆ ಮೇಡಂ? ಕಣ್ಣು ನೋಡಿ, ಕಿವಿ ನೋಡಿ, ಸೀಲು ಹಾಕಿ." ಹೆಂಡತಿಯನ್ನು ಕರೆದುಕೊಂಡು ಬಂದರೆ ಮಾತ್ರ ಸಹಿ ಎಂದೆ. ಸಿಟ್ಟಿನಿಂದ ಹೋದ. ಅದೇ ವಾರ ಬಂದ, ಹೆಂಡತಿ ಗಿರಿಜಮ್ಮನ ಜೊತೆ.

ಗಿರಿಜಮ್ಮ ಸೆರಗು ಬಾಯಿಗೆ ಹಿಡಿದು, ಗಂಡನನ್ನು ಹೊರಗೆ ಕಳಿಸಿದ ಮೇಲೇ ಮಾತಾಡಿದರು. "ಉಸ್ರು ನಿಂತೋಗುತ್ತೆ ಕಣ್ರಮ್ಮ. ನಾನು ಎದ್ದು ಕೂತ್ಕಂಡು ನೋಡ್ತಿರ್ತೀನಿ, ಬತ್ತದಾ ಇಲ್ವಾ ಅಂತ. ಮನೇಲಿದ್ರೆ ನಾನು ಅಲ್ಲಾಡಿಸ್ತೀನಿ. ಲಾರೀಲಿ ಮಲಗಿದ್ರೆ ಯಾರು ಅಲ್ಲಾಡಿಸ್ತಾರೆ ಹೇಳಿ? ಹೇಳಿದ್ರೆ ನಂಬಲ್ಲ. ನೀನೇ ಕನಸು ಕಂಡಿದ್ದೀಯ ಅಂತಾರೆ."

ಗಂಡಸರು ನೋಡಿ ನಕ್ಕ ಆ ಉಸಿರನ್ನು ಈ ಹೆಂಗಸು ಎಷ್ಟೋ ವರ್ಷ ಕೂತು ಕಾದಿದ್ದರು. ನಮ್ಮ ನಮೂನೆ ಅವರನ್ನು ಕೇಳಿರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಆಗ ನಿದ್ದೆಯ ಪರೀಕ್ಷೆ ಬೇಕೆಂದರೆ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಿ, ತಲೆಯಿಂದ ಕಾಲಿನವರೆಗೆ ತಂತಿ ಅಂಟಿಸಿಕೊಂಡು ಅಲ್ಲೇ ಮಲಗಬೇಕಿತ್ತು. ಯಾವ ಚಾಲಕ ಹೋಗುತ್ತಾನೆ? ಕಲ್ಲೇಶಪ್ಪನೂ ಹೋಗಲಿಲ್ಲ. ಅವನಿಗಿದ್ದ ರಕ್ತದೊತ್ತಡಕ್ಕೆ ಮಾತ್ರೆ ಬರೆದು, ಪರೀಕ್ಷೆಯಾಗದೆ ಸಹಿ ಇಲ್ಲ ಎಂದೆ. ಅವನು ಬೇರೆ ಕಡೆ ಸಹಿ ಹಾಕಿಸಿಕೊಂಡ. ನಂತರ ಚಿಕ್ಕ ಯಂತ್ರಗಳು ಬಂದವು. ಅಂಗೈಯಗಲದ ಪೆಟ್ಟಿಗೆ. ಎದೆಗೆ ಪಟ್ಟಿ, ಮೂಗಿಗೆ ನಳಿಕೆ, ಬೆರಳಿಗೆ ಕ್ಲಿಪ್ಪು. ರೋಗಿ ಮನೆಗೆ ಒಯ್ದು ಹಾಕಿಕೊಂಡು ಮಲಗಿ ಮರುದಿನ ತಂದುಕೊಟ್ಟರೆ ಸಾಕು. ನನಗೆ ಇದು ದೊಡ್ಡ ಆಸೆ ಹುಟ್ಟಿಸಿತು.

ಆ ಆಸೆಯನ್ನು ಹಾಳುಮಾಡಿದವರು ಇಬ್ಬರು. ಒಬ್ಬ, ಕಲ್ಲೇಶಪ್ಪ ಕೆಲಸ ಮಾಡುತ್ತಿದ್ದ ಲಾರಿಗಳ ಮಾಲೀಕ ಪರಮೇಶ. ಇನ್ನೊಬ್ಬರು ನಮ್ಮ ಮುಖ್ಯ ವೈದ್ಯರು. ದೊಡ್ಡ ಕಂಪನಿಯೊಂದು ತನ್ನ ಸರಕು ಸಾಗಿಸುವ ಚಾಲಕರ ಆರೋಗ್ಯ ತಪಾಸಣೆ ಆಗಿರಬೇಕು ಎಂದಿತ್ತಂತೆ. ಪರಮೇಶ ಅಂಥ ಪೆಟ್ಟಿಗೆಗಳನ್ನು ಬಾಡಿಗೆಗೆ ತರಿಸಿದ, ನಮ್ಮ ಆಸ್ಪತ್ರೆಯಲ್ಲಿ ಶಿಬಿರವಾಯಿತು. ಶಾಮಿಯಾನ, ಹಾರ, ಉಪ್ಪಿಟ್ಟು ಕೇಸರಿಬಾತು. ಚಾಲಕರು ರಸ್ತೆಯ ರಾಜರು ಎಂದು ಮುಖ್ಯ ವೈದ್ಯರು ಭಾಷಣ ಮಾಡಿದರು. ಫಲಿತಾಂಶ ರೋಗಿಗೆ ಮಾತ್ರ ಕೊಡುತ್ತೇವೆ ಎಂದು ನಾನು ಮೈಕಿನಲ್ಲಿ ಹೇಳಿದೆ. ಹಾಗೆ ಹೇಳಲು ನನಗೆ ಒಪ್ಪಿಗೆ ಕೊಟ್ಟಿದ್ದವರು ಅವರೇ.

ಫಲಿತಾಂಶಗಳು ಬಂದ ದಿನ ಅವೆಲ್ಲ ನೇರವಾಗಿ ಪರಮೇಶನ ಆಫೀಸಿಗೆ ಹೋದವು. ನಾನು ಮುಖ್ಯ ವೈದ್ಯರ ಕೋಣೆಗೆ ಹೋದೆ.

"ರೋಗಿಯ ಅನುಮತಿ ಇಲ್ಲದೆ ಕೊಟ್ಟಿದ್ದೀರಿ ಸರ್."

"ಡಾಕ್ಟ್ರೇ, ಪೆಟ್ಟಿಗೆ ಯಾರು ತರಿಸಿದ್ರು? ನೀವಾ ನಾನಾ? ತರಿಸಿದೋರಿಗೆ ಕೊಟ್ವಿ. ರಸ್ತೆ ಸೇಫ್ ಆಗ್ಬೇಕು ಅಂತ ದಿನಾ ಹೇಳೋರು ನೀವೇ ಅಲ್ವಾ?"

ಪರಮೇಶ ಮಾಡಿದ್ದು ಇಷ್ಟೇ: ಉಸಿರು ನಿಲ್ಲುತ್ತದೆ ಎಂದು ಬಂದವರನ್ನೆಲ್ಲ ಕೆಲಸದಿಂದ ತೆಗೆದ. ಚಿಕಿತ್ಸೆಗೆ ಒಂದು ಮಾತಿಲ್ಲ. ಅವರ ಹೆಸರುಗಳನ್ನು ಮಾಲೀಕರ ವಾಟ್ಸಾಪ್ ಗುಂಪಿಗೂ ಹಾಕಿದ ಎಂದು ಕೇಳಿದೆ. ಆ ಚಾಲಕರು ಮನೆಯಲ್ಲಿ ಕೂರಲಿಲ್ಲ, ಕೂರುವ ಹಾಗೂ ಇರಲಿಲ್ಲ. ಏನೂ ಕೇಳದ ಮಾಲೀಕರ ಹಳೆಯ ಲಾರಿಗಳನ್ನು ಹತ್ತಿದರು. ಮೊದಲು ಬ್ರೇಕ್ ಸರಿಯಿದ್ದ ಗಾಡಿಯಲ್ಲಿ ತೂಕಡಿಸುತ್ತಿದ್ದವರು ಈಗ ಬ್ರೇಕ್ ಸರಿಯಿಲ್ಲದ ಗಾಡಿಯಲ್ಲಿ ತೂಕಡಿಸಿದರು. ನಮ್ಮ ಶಿಬಿರದಿಂದ ರಸ್ತೆಗೆ ಆದ ಉಪಕಾರ ಇದು.

ಕಲ್ಲೇಶಪ್ಪ ಮೊದಲ ಶಿಬಿರದ ಹೊತ್ತಿಗೆ ಲೋಡಿನ ಮೇಲೆ ಹೊರಗಿದ್ದ. ಅವನ ಸರದಿ ಎರಡನೆಯದರಲ್ಲಿ ಬಂತು. ಅಷ್ಟರಲ್ಲಿ ಎಲ್ಲರಿಗೂ ಬುದ್ಧಿ ಬಂದಿತ್ತು. ಅವನು ಪೆಟ್ಟಿಗೆಯನ್ನು ತೆಗೆದುಕೊಂಡು ಹೋದ, ಮರುದಿನ ತಂದುಕೊಟ್ಟ. ಫಲಿತಾಂಶ ತೀವ್ರ ಎಂದು ಬಂತು. ಬೆಂಚಿನ ಮೇಲೆ ನಾನು ಕಂಡದ್ದಕ್ಕೆ ಅದು ಹೊಂದುತ್ತಿತ್ತು, ನನಗೆ ಆಶ್ಚರ್ಯವಾಗಲಿಲ್ಲ. ಈ ಸಲವೂ ಅದು ನೇರವಾಗಿ ಆಫೀಸಿಗೆ ಹೋಯಿತು, ಎರಡು ದಿನದಲ್ಲಿ ಪರಮೇಶ ಅವನ ಕೈಯಿಂದ ಕೀಲಿ ತೆಗೆದುಕೊಂಡ.

ಅದರ ಮರುದಿನ ಕಲ್ಲೇಶಪ್ಪ ನನ್ನ ಕೋಣೆಯ ಬಾಗಿಲು ದೂಡಿಕೊಂಡು ಬಂದ. ಒಳಗಿದ್ದ ರೋಗಿ ಎದ್ದು ನಿಂತರು.

"ನಿಮ್ ಮಿಷಿನ್ನು ಸುಳ್ಳು ಮೇಡಂ! ಸುಳ್ಳು ಮಿಷಿನ್ ಇಟ್ಕಂಡು ಜನರ ಹೊಟ್ಟೆ ಮೇಲೆ ಹೊಡೀತೀರಾ?"

"ಕೂತ್ಕೊಳಪ್ಪಾ. ಯಂತ್ರ ಸುಳ್ಳು ಅಂತ ಹೇಗೆ ಹೇಳ್ತೀಯ? ನಿನಗೆ ಉಸಿರು ನಿಲ್ಲುತ್ತೆ ಅಂತ ನಿನ್ನ ಹೆಂಡತಿ ಹೇಳಿದ್ದಾರೆ, ನಾನೂ ನೋಡಿದ್ದೀನಿ."

"ನಂದು ನಿಲ್ತದೋ ಬಿಡ್ತದೋ, ಅದಲ್ಲ ಮಾತು! ಅದನ್ನ ನಾನು ಹಾಕ್ಕಂಡೇ ಇಲ್ಲ!"

ಹೇಳಿದ ಮೇಲೆ ಅವನಿಗೆ ಹೇಳಿದ್ದು ಗೊತ್ತಾಯಿತು. ಬಾಯಿ ತೆರೆದೇ ಇತ್ತು.

"ಯಾರು ಹಾಕಿಕೊಂಡಿದ್ದು?"

"ನನ್ ಬಾಮೈದ. ಓಂಕಾರ. ಕಡ್ಡಿ ಹಂಗವ್ನೆ ಮೇಡಂ, ಫೂ ಅಂದ್ರೆ ಹಾರೋಗ್ತಾನೆ. ಬೀಡಿ ಇಲ್ಲ, ಎಣ್ಣೆ ಇಲ್ಲ. ಅವ್ನಿಗೆ ಏನು ಬತ್ತದೆ ಅಂತ ಹಾಕ್ಸಿ ಮಲಗಿಸ್ದೆ."

"ಓಂಕಾರ ಏನು ಕೆಲಸ ಮಾಡ್ತಾನೆ?"

ಕಲ್ಲೇಶಪ್ಪ ತಲೆ ತಗ್ಗಿಸಿ ಉತ್ತರ ಕೊಟ್ಟ. "ಇಸ್ಕೂಲ್ ವ್ಯಾನ್ ಓಡಿಸ್ತಾನೆ."

ಈಗಲೇ ಅವನನ್ನು ಇಲ್ಲಿಗೆ ಕರೆಸು ಎಂದೆ. ಕಲ್ಲೇಶಪ್ಪ ಫೋನ್ ಮಾಡಿ ಕರೆಸಿದ. ಓಂಕಾರ ಶಾಲೆಯ ಹಳದಿ ವ್ಯಾನಿನಲ್ಲೇ ಬಂದ. ಯಾವುದೋ ಮಗು ಮರೆತುಬಿಟ್ಟ ನೀರಿನ ಬಾಟಲಿ ಕೈಯಲ್ಲಿತ್ತು. ನಿಜವಾಗಿಯೂ ಸಣಕಲು ಮನುಷ್ಯ.

"ಏನ್ ಭಾವ, ಪಾಸಾಯ್ತಾ?" ಎಂದು ಬಾಗಿಲಲ್ಲೇ ನಗುತ್ತಾ ಕೇಳಿದ.

"ಪಾಸಾಗೋದಿರ್ಲಿ, ಬಾಯಿ ತೆಗಿಯೋ ಲೇ" ಎಂದ ಕಲ್ಲೇಶಪ್ಪ.

ಬಾಯಿಗೆ ಬೆಳಕು ಹಾಕಿದೆ. ಚಿಕ್ಕ ದವಡೆ, ಗಂಟಲಿನ ಎರಡು ಬದಿಯ ಟಾನ್ಸಿಲ್‌ಗಳು ನಿಂಬೆಹಣ್ಣಿನಂತೆ ಊದಿ ಒಂದಕ್ಕೊಂದು ತಾಗುತ್ತಿದ್ದವು. ಮಧ್ಯೆ ಪೆನ್ಸಿಲ್ ತೂರುವಷ್ಟು ಜಾಗವಿತ್ತೋ ಇಲ್ಲವೋ. ದಪ್ಪಗಿದ್ದವರಿಗೆ ಮಾತ್ರ ಈ ಕಾಯಿಲೆ ಎಂದು ಈ ಸೀಮೆಯ ಚಾಲಕರು ತೀರ್ಮಾನಿಸಿದ್ದರು. ಶಿಬಿರದ ಬ್ಯಾನರಿನಲ್ಲಿ ಹೊಟ್ಟೆ ಬಿಟ್ಟ ಮನುಷ್ಯನ ಚಿತ್ರ ಹಾಕಿಸಿ ಆ ನಂಬಿಕೆಯನ್ನು ಗಟ್ಟಿಮಾಡಿದವರು ನಾವೇ.

ಆವತ್ತೇ ವ್ಯಾನ್ ಬಿಡಿಸಿದೆ. ಟಾನ್ಸಿಲ್ ಆಪರೇಷನ್ ಎಂದು ಹೇಳಿ ರಜೆ ಹಾಕಿದ. ಶಾಲೆಯವರು ಒಂದು ಪ್ರಶ್ನೆ ಕೇಳದೆ ಬೇರೆ ಚಾಲಕನನ್ನು ಹಾಕಿಕೊಂಡು, ವಾಸಿಯಾದ ಮೇಲೆ ಇವನನ್ನೇ ತೆಗೆದುಕೊಂಡರು. ಟಾನ್ಸಿಲ್ ಎಂದರೆ ಯಾರಿಗೂ ಹೆದರಿಕೆಯಿಲ್ಲ ನೋಡಿ. ನಿದ್ದೆ ಎಂದಿದ್ದರೆ ಅವನ ಕೆಲಸ ಹೋಗುತ್ತಿತ್ತು. ಆಪರೇಷನ್ ಆದ ಮೇಲೆ ಮತ್ತೆ ಪರೀಕ್ಷೆ ಮಾಡಿದೆ, ಉಸಿರು ಸರಾಗವಾಗಿತ್ತು. ಈ ಇಡೀ ಕಥೆಯಲ್ಲಿ ಪೂರ್ತಿ ಗುಣವಾದವನು ಇವನೊಬ್ಬ, ಅದೂ ಒಂದು ಮೋಸದ ದೆಸೆಯಿಂದ.

ಕಲ್ಲೇಶಪ್ಪನನ್ನು ನಮ್ಮ ವಾರ್ಡಿನಲ್ಲೇ ಮಲಗಿಸಿ, ಸಿಸ್ಟರ್ ಕಣ್ಣೆದುರೇ ಪೆಟ್ಟಿಗೆ ಹಾಕಿಸಿ ಪರೀಕ್ಷಿಸಿದೆ. ಓಂಕಾರನದಕ್ಕಿಂತ ಕೆಟ್ಟದಾಗಿ ಬಂತು. ಮುಖ್ಯ ವೈದ್ಯರಿಗೆ ಎಲ್ಲವನ್ನೂ ಹೇಳಿ, ಮೊದಲ ಫಲಿತಾಂಶವನ್ನು ವಾಪಸ್ ತರಿಸಿ ಎಂದು ಕೇಳಿದೆ.

"ಅದೂ ತೀವ್ರ, ಇದೂ ತೀವ್ರ. ವ್ಯತ್ಯಾಸ ಏನ್ರೀ?" ಎಂದರು ಅವರು.

ಇನ್ನೊಬ್ಬನ ಉಸಿರಿಗೆ ಒಬ್ಬನ ಕೆಲಸ ಹೋಗಿದೆ, ಅದು ವ್ಯತ್ಯಾಸ ಎಂದೆ. ಅವರು ನಕ್ಕರು. ಅವರ ಕೋಣೆಯಿಂದ ಹೊರಬಂದ ಮೇಲೆ ನಾನು ಆ ಎರಡನೆಯ ಶಿಬಿರದ ದಾಖಲೆಗಳನ್ನೆಲ್ಲ ಪರದೆಯ ಮೇಲೆ ಹಾಕಿಕೊಂಡು ನೋಡಿದೆ. ಬೇರೆ ಬೇರೆ ಹೆಸರಿನ ಹಲವು ಚಾಲಕರ ಉಸಿರಿನ ಗೆರೆ ಒಂದೇ ಥರ ಇತ್ತು, ಹೃದಯದ ಬಡಿತವೂ ಒಂದೇ. ಕೇಳಿದಾಗ ತಿಳಿಯಿತು: ಪಂಕ್ಚರ್ ಅಂಗಡಿಯ ಒಬ್ಬ ಗಟ್ಟಿಮುಟ್ಟಾದ ಆಳು ಎಲ್ಲರ ಪರವಾಗಿ ಮಲಗಿಕೊಡುತ್ತಿದ್ದನಂತೆ. "ನಿದ್ದೆ ರಾಜ" ಎಂದು ಅವನಿಗೆ ಹೆಸರೇ ಬಿದ್ದಿತ್ತು. ಪರಮೇಶನ ಲಾರಿಗಳ ಚಾಲಕರೆಲ್ಲ ಆರೋಗ್ಯವಂತರು ಎಂದು ಕಂಪನಿಗೆ ಹೋದ ಪತ್ರ ಆ ಒಬ್ಬನ ಶ್ವಾಸಕೋಶದ ಮೇಲೆ ನಿಂತಿತ್ತು.

ಕಲ್ಲೇಶಪ್ಪನದು ಆಪರೇಷನ್ನಿನಿಂದ ಗುಣವಾಗುವಂಥದ್ದಲ್ಲ. ಮಲಗುವಾಗ ಮೂಗಿಗೆ ಮುಖವಾಡ ಕಟ್ಟಿ, ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುವ ಯಂತ್ರ ಬೇಕು. ಶಿವಮೊಗ್ಗದ ರೋಗಿಯೊಬ್ಬರು ತಾವು ಬಿಟ್ಟಿದ್ದ ಯಂತ್ರವನ್ನು ಕೊಟ್ಟರು. ಹೊಸ ಮುಖವಾಡ ಹಾಕಿಸಿದೆ. ಮೊದಲ ಒಂದು ವಾರ ಕಿತ್ತು ಬಿಸಾಡುತ್ತಿದ್ದನಂತೆ. ಗಿರಿಜಮ್ಮ ಮತ್ತೆ ಕಟ್ಟುತ್ತಿದ್ದರಂತೆ. ಆಮೇಲೊಂದು ದಿನ ಇಬ್ಬರೂ ಬಂದರು.

"ಮೇಡಂ, ಬೆಳಿಗ್ಗೆ ಎದ್ರೆ ಕತ್ತಿನ ಮೇಲೆ ತಲೇನೇ ಇಲ್ದಂಗಿರುತ್ತೆ. ಅಷ್ಟು ಹಗುರ. ಇಷ್ಟು ವರ್ಷ ನಾನು ನಿದ್ದೇನೇ ಮಾಡಿಲ್ಲ ಅಂತ ಈಗ ಗೊತ್ತಾಯ್ತು" ಎಂದ.

ಗಿರಿಜಮ್ಮ ಹೇಳಿದರು: "ನಾನೂ ಮಲಗ್ದೆ ಕಣ್ರಮ್ಮ."

ತರೀಕೆರೆಯ ಆಟೊ ಎಲೆಕ್ಟ್ರಿಶಿಯನ್ ಒಬ್ಬನಿಂದ ಲಾರಿಯ ಬ್ಯಾಟರಿಗೆ ಆ ಯಂತ್ರ ಹಾಕುವ ವ್ಯವಸ್ಥೆಯೂ ಆಯಿತು. ಕ್ಯಾಬಿನ್ನಿನಲ್ಲಿ ಮಲಗಿದರೂ ಗಾಳಿ ಬರುತ್ತದೆ. ಮತ್ತೆ ಪರೀಕ್ಷಿಸಿದೆ, ಚೆನ್ನಾಗಿತ್ತು. ಚಿಕಿತ್ಸೆಯಲ್ಲಿರುವ ಈ ಮನುಷ್ಯ ಲಾರಿ ಓಡಿಸಬಹುದು ಎಂದು ಹೇಳಲು ನಾನೇ ಪರಮೇಶನ ಆಫೀಸಿಗೆ ಹೋದೆ.

"ಬನ್ನಿ ಬನ್ನಿ ಮೇಡಂ, ಎಳನೀರು ತರಿಸ್ಲಾ?" ಎಂದ ಅವನು. ವಿಷಯ ಕೇಳಿ ಕುರ್ಚಿಗೆ ಒರಗಿದ. "ಪಾರ್ಟಿಯೋರು ಬಂದು ಕ್ಯಾಬಿನ್ ನೋಡ್ತಾರೆ. ಐಸಿಯೂ ಥರ ಪೈಪು ನೇತಾಕಿದ್ರೆ ನನಗೆ ಲೋಡ್ ಕೊಡ್ತಾರಾ? ನಾಳೆ ಏನಾದ್ರೂ ಆದ್ರೆ, ಪೇಷಂಟ್ ಕೈಲಿ ಲಾರಿ ಕೊಟ್ಟಿದ್ದ ಅಂತಾರೆ."

"ನಿಮ್ಮ ಬಾಕಿ ಚಾಲಕರ ಫಲಿತಾಂಶದಲ್ಲಿ ಯಾರು ಮಲಗಿದ್ದರು ಅಂತ ನಿಮಗೆ ಗೊತ್ತಾ?"

"ನನ್ಹತ್ರ ಇರೋದು ನಾರ್ಮಲ್ ಅಂತ ಬಂದಿರೋ ರಿಪೋರ್ಟು ಮೇಡಂ. ಮಲಗಿಸೋದು ನಿಮ್ ಡಿಪಾರ್ಟ್‌ಮೆಂಟು." ಅವನಿಗೆ ಗೊತ್ತಿತ್ತು. ಅವನ ಮುಖದಲ್ಲಿ ಅದನ್ನು ನಾನು ಕಂಡೆ. ಮೇಲಿನ ಕಚೇರಿಗೆ ಬರೆದೆ. ಉತ್ತರ ಬರಲಿಲ್ಲ.

ಹೆಸರು ಗುಂಪಿನಲ್ಲಿ ಓಡಾಡಿದ್ದರಿಂದ ಯಾರೂ ಕಲ್ಲೇಶಪ್ಪನನ್ನು ಕರೆಯಲಿಲ್ಲ. ಕೊನೆಗೆ ಇನ್ನೊಬ್ಬ ಮಾಲೀಕ ಒಂದು ಷರತ್ತಿನ ಮೇಲೆ ಲಾರಿ ಕೊಡಲು ಒಪ್ಪಿದ. ಆ ಮುಖವಾಡ ಕ್ಯಾಬಿನ್ನಿನಲ್ಲಿ ಕಾಣಬಾರದು, ಕಾಯಿಲೆ ಇಲ್ಲದ ಹಾಗೆ ಹೊಸ ಪ್ರಮಾಣಪತ್ರ ತರಬೇಕು. ಕಲ್ಲೇಶಪ್ಪ ನಮೂನೆ ಹಿಡಿದು ನನ್ನ ಹತ್ತಿರವೇ ಬಂದ.

ನಾನು ಯೋಗ್ಯ ಎಂದು ಬರೆದು, ಯಂತ್ರ ಬಳಸುತ್ತಿರುವವರೆಗೆ ಮಾತ್ರ ಎಂದು ಒಂದು ಸಾಲು ಸೇರಿಸಲು ಹೋದೆ. ಅವನು ನಮೂನೆಯ ಮೇಲೆ ಕೈ ಇಟ್ಟ.

"ಆ ಸಾಲು ಬರೆದ್ರೆ ಕೆಲ್ಸ ಇಲ್ಲ ಮೇಡಂ. ಬರೀದಿದ್ರೆ ಕೆಲ್ಸ ಉಂಟು, ಮಿಷಿನ್ ಇಲ್ಲ. ಯಾವುದು ಮಾಡ್ಲಿ ನೀವೇ ಹೇಳಿ."

"ಮಿಷಿನ್ ಇಲ್ಲದೆ ನೀನು ಲಾರಿ ಹತ್ತಬಾರದು ಕಲ್ಲೇಶಪ್ಪ."

"ಮಿಷಿನ್ ಗೊತ್ತಾಗೋಕೆ ಮುಂಚೆ ಎಷ್ಟು ವರ್ಷ ಹತ್ತಿದ್ನಲ್ಲ. ಆಗ ಎಲ್ರೂ ನನ್ನ ಒಳ್ಳೇ ಡ್ರೈವರ್ ಅಂತಿದ್ರು." ನಮೂನೆಯನ್ನು ಮಡಚಿ ಜೇಬಿಗಿಟ್ಟುಕೊಂಡ. "ನಿಮ್ಮ ಮೇಲೆ ಸಿಟ್ಟಿಲ್ಲ" ಎಂದು ಹೋದ. ಆವತ್ತೇ ಬೇರೆ ಕಡೆ ಸಹಿ ಸಿಕ್ಕಿತು. ಅಲ್ಲಿ ಏನು ಕೇಳಿದರು ಎಂದು ಆಮೇಲೆ ಅವನೇ ಹೇಳಿದ: ಹೆಸರು.

ಮೂರು ತಿಂಗಳಿರಬಹುದು. ಒಂದು ಮಧ್ಯಾಹ್ನ ಊಟಕ್ಕೆ ಏಳುತ್ತಿದ್ದಾಗ ಕಲ್ಲೇಶಪ್ಪ ಬಂದು ಎದುರಿನ ಸ್ಟೂಲಿನ ಮೇಲೆ ಕೂತ. ಮುಖದಲ್ಲಿ ರಕ್ತವಿರಲಿಲ್ಲ. ಲಾರಿ ಎಲ್ಲಿ ಎಂದು ಕೇಳಿದೆ. ಕಡೂರಿನ ಹತ್ತಿರ ರಸ್ತೆ ಬದಿಗೆ ನಿಲ್ಲಿಸಿ, ಕೀಲಿಯನ್ನು ಮಾಲೀಕನ ಕಡೆಯವನಿಗೆ ಕೊಟ್ಟು, ಬಸ್ಸಿನಲ್ಲಿ ಬಂದೆ ಎಂದ.

"ಏನಾಯ್ತು? ಯಾರಿಗಾದರೂ ತಾಗಿತಾ?"

"ಇಲ್ಲ. ಯಾರಿಗೂ ಏನೂ ಆಗಿಲ್ಲ." ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. "ತರೀಕೆರೆ ಬಿಟ್ಟಿದ್ದು ಗೊತ್ತು ಮೇಡಂ. ಕಡೂರು ಹತ್ರ ಬಂದಿದ್ದು ಗೊತ್ತು. ಮಧ್ಯ ಬೀರೂರು ಇತ್ತಲ್ಲ, ಅದು ಎಲ್ಲೋಯ್ತು?"

ನಾನು ಮತ್ತೆ ಕುರ್ಚಿಯಲ್ಲಿ ಕೂತೆ.

"ಅಲ್ಲಿ ಬಸ್ಸು, ಜನ, ಇಸ್ಕೂಲ್ ಮಕ್ಳು ಎಲ್ಲ ಇರ್ತಾರೆ. ನಾನು ಅವ್ರ ಮಧ್ಯನೇ ಬಂದಿರ್ಬೇಕು. ಹಾರನ್ ಹೊಡೆದ್ನಾ, ಬ್ರೇಕ್ ಹಾಕಿದ್ನಾ, ಒಂದೂ ಇಲ್ಲ. ಮುಂಚೆನೂ ಹಿಂಗೇ ಆಗ್ತಿತ್ತೇನೋ, ಗೊತ್ತಾಗ್ತಿರ್ಲಿಲ್ಲ. ಸರಿಯಾಗಿ ಎಚ್ರ ಇರೋದು ಹೆಂಗಿರುತ್ತೆ ಅಂತ ನೀವು ತೋರಿಸ್ಬಿಟ್ರಿ. ಇನ್ನು ನನ್ ಕೈಲಿ ಆಗಲ್ಲ."

ಅಲ್ಲಿಗೆ ಅವನು ಲಾರಿ ಬಿಟ್ಟ. ಈಗ ಕಡೂರಿನಲ್ಲಿ ತೆಂಗಿನಕಾಯಿ ಲೋಡ್ ಮಾಡುವ ಹಮಾಲಿ ಕೆಲಸ ಮಾಡುತ್ತಾನೆ. ರಾತ್ರಿ ಮುಖವಾಡ ಕಟ್ಟಿಕೊಂಡು ಮಲಗುತ್ತಾನೆ. ನಾನು ಬಲ್ಲ ಲಾರಿ ಚಾಲಕರಲ್ಲಿ ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದಾನೆ ಎಂದು ಎದೆ ಮುಟ್ಟಿ ಹೇಳಬಲ್ಲ ಒಬ್ಬ ಮನುಷ್ಯ ಮೂಟೆ ಹೊರುತ್ತಿದ್ದಾನೆ. ಅವನು ಹೊತ್ತು ತುಂಬಿದ ಲಾರಿಯನ್ನು ಹತ್ತಿ ಹೋಗುವವನು ಹೇಗೆ ಮಲಗಿದ್ದ ಎಂದು ಯಾರೂ ಕೇಳಿಲ್ಲ. ಇದನ್ನು ವ್ಯವಸ್ಥೆಯ ದೋಷ ಎಂದು ಕರೆಯಲು ನನಗೆ ಮನಸ್ಸಿಲ್ಲ. ಇದನ್ನು ಮಾಡಿದವರಿಗೆ ಮುಖಗಳಿವೆ, ಕುರ್ಚಿಗಳಿವೆ.

ನಿಮಗೆ ಹೇಳುವುದು ಇಷ್ಟೇ. ನಮೂನೆ ಕೇಳದಿದ್ದರೂ ಕೇಳಿ. ಹೆಂಡತಿಯನ್ನು ಕರೆಸಿ. ಸಣ್ಣಗಿದ್ದಾನೆ ಎಂದು ಬಿಡಬೇಡಿ, ಬಾಯಿ ತೆಗೆಸಿ ನೋಡಿ. ಫಲಿತಾಂಶವನ್ನು ಮಾಲೀಕನ ಕೈಗೆ ಕೊಡಬೇಡಿ. ಚಿಕಿತ್ಸೆಯ ದಾರಿ ತೋರಿಸದೆ ಪರೀಕ್ಷೆ ಮಾಡಬೇಡಿ, ಮಾಡಿದರೆ ಅವರು ಇನ್ನೊಬ್ಬನನ್ನು ಮಲಗಿಸುತ್ತಾರೆ. ತಪ್ಪು ಅವರದಲ್ಲ.

ಕಲ್ಲೇಶಪ್ಪ ಬಿಟ್ಟುಬಂದ ಲಾರಿಗೆ ಹೊಸ ಚಾಲಕ ಸಿಕ್ಕಿದ. ಪ್ರಮಾಣಪತ್ರಕ್ಕೆ ಅವನು ನನ್ನ ಮೇಜಿಗೇ ಬಂದ. ಲವಲವಿಕೆಯ ಮನುಷ್ಯ, ಕಣ್ಣು ಕೆಂಪಗಿತ್ತು. ಕಣ್ಣು, ಕಿವಿ, ಕೈಕಾಲು ಎಲ್ಲ ನೋಡಿದ ಮೇಲೆ, "ರಾತ್ರಿ ನಿದ್ದೆ ಹೇಗಪ್ಪಾ?" ಎಂದು ಕೇಳಿದೆ.

"ನಿದ್ದೆಯಾ ಮೇಡಂ?" ಅವನು ಎದೆಯುಬ್ಬಿಸಿ ನಕ್ಕ. "ನಿಂತ್ರೆ ನಿಂತಲ್ಲಿ, ಕೂತ್ರೆ ಕೂತಲ್ಲಿ! ಮಲಗಿದ್ರೆ ಗೊರಕೆಗೆ ಅಕ್ಕಪಕ್ಕದ ಮನೆಯೋರು ಎದ್ದೋಗ್ತಾರೆ, ನಾನು ಏಳಲ್ಲ."

ನಾನು ಪೆನ್ ಕೆಳಗಿಟ್ಟು, ನಾಳೆ ಹೆಂಡತಿಯನ್ನು ಕರೆದುಕೊಂಡು ಬಾ ಎಂದೆ. ಆಗಲಿ ಮೇಡಂ ಎಂದು ನಮೂನೆ ತೆಗೆದುಕೊಂಡು ಹೋದವನು ಮತ್ತೆ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನಾನು ಕಡೂರಿನ ಕಡೆಗೆ ಕಾರಿನಲ್ಲಿ ಹೋಗುತ್ತಿದ್ದೆ. ಆ ಲಾರಿ ಎದುರಿನಿಂದ ಬಂತು, ತುಂಬಿದ ಲೋಡು, ಸ್ಟಿಯರಿಂಗ್ ಹಿಂದೆ ಅವನೇ. ರಸ್ತೆ ನೇರವಾಗಿತ್ತು, ಅಗಲವಾಗಿತ್ತು, ಅವನು ತನ್ನ ಬದಿಯಲ್ಲೇ ಬರುತ್ತಿದ್ದ. ಆದರೂ ನಾನು ಕಾರನ್ನು ರಸ್ತೆಯಿಂದ ಮಣ್ಣಿಗೆ ಇಳಿಸಿ, ಎಂಜಿನ್ ಆರಿಸಿ, ಕೆಳಗಿಳಿದು ದೂರ ಹೋಗಿ, ಅದು ದಾಟುವವರೆಗೂ ನಿಂತಿದ್ದೆ.